ಬಿಟ್ಟು ಓದಿದ ತಲೆಮಾರು

ನನ್ನ ಅಪ್ಪ ಹೆಳವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಊರೂರು ತಿರುಗುತ್ತಿದ್ದ. ಬೆಳಕು ಹರಿಯುವ ಹೊತ್ತಿಗೆ ಒಕ್ಕಲಿನ ಮನೆಯ ಮುಂದೆ ಎತ್ತು ನಿಲ್ಲಿಸಿ, ಗಂಟೆ ಬಾರಿಸಿ, ಆ ಮನೆತನದ ಹದಿನಾಲ್ಕು ತಲೆಮಾರಿನ ಹೆಸರುಗಳನ್ನು ರಾಗವಾಗಿ ಓದುತ್ತಿದ್ದ. ಯಾರಿಗೆ ಯಾರು ಹುಟ್ಟಿದರು, ಯಾರು ಯಾವ ಊರು ಬಿಟ್ಟು ಯಾವ ಊರಿಗೆ ಹೋದರು, ಯಾರಿಗೆ ಮಕ್ಕಳಾಗಲಿಲ್ಲ, ಎಲ್ಲವೂ ಅವನ ಹೊತ್ತಿಗೆಯಲ್ಲಿತ್ತು. ನಾನು ಹುಬ್ಬಳ್ಳಿಯ ಒಂದು ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್. ಹೆಸರು ಕಸ್ತೂರಿ ಹೆಳವರ. ನಾನು ಓದುವುದು ರೋಗಾಣುಗಳ ವಂಶಾವಳಿ. ಎತ್ತು ಹೋಯಿತೇ ಹೊರತು ಕಸುಬು ಹೋಗಲಿಲ್ಲ ಎಂದು ಹಿಂದೆಲ್ಲ ನಗುತ್ತಿದ್ದೆ. ಈಗ ಆ ಮಾತಿಗೆ ನನಗೇ ನಗು ಬರುವುದಿಲ್ಲ.

ನಮ್ಮ ಯಂತ್ರಕ್ಕೆ ಸರಕಾರ ಇಟ್ಟ ಹೆಸರು ಮಾರುದ್ದ ಇದೆ. ನಾವು ಅದನ್ನು ಹೆಳವ ಎಂದೇ ಕರೆಯುತ್ತೇವೆ. ರೋಗಿಗೆ ಜ್ವರ ಏರಿದಾಗ ರಕ್ತ ತೆಗೆದು, ರೋಗಾಣು ಬೆಳೆಯುವ ದ್ರವ ತುಂಬಿದ ಬಾಟಲಿಗೆ ಹಾಕಿ ನಮ್ಮಲ್ಲಿಗೆ ಕಳಿಸುತ್ತಾರೆ. ಅದು ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಮೊದಲು ಮೂರು ದಿನ ಬೇಕಿತ್ತು. ಹೆಳವನಿಗೆ ಎರಡು ತಾಸು ಸಾಕು. ಅದು ಎಲ್ಲಿಂದ ಬಂತು ಎಂಬುದನ್ನೂ ಹೆಳವ ಹೇಳುತ್ತದೆ. ರೋಗಾಣು ಒಂದು ಎರಡಾಗುವಾಗ ತನ್ನ ಜೀನುಗಳನ್ನು ನಕಲು ಮಾಡುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ನುಸುಳಿ ಮಕ್ಕಳು ಮೊಮ್ಮಕ್ಕಳಿಗೆ ಇಳಿಯುತ್ತದೆ, ಒಂದು ಮನೆತನದವರಿಗೆಲ್ಲ ಒಂದೇ ಬಗೆಯ ಮೂಗು ಇದ್ದ ಹಾಗೆ. ರಾಜ್ಯದ ಎಲ್ಲ ಆಸ್ಪತ್ರೆಗಳಲ್ಲಿ ಸಿಕ್ಕ ರೋಗಾಣುಗಳ ಇಂಥ ತಪ್ಪುಗಳನ್ನು ಹೋಲಿಸಿ, ಇದು ಇಂಥಾ ವಾರ್ಡಿನ ಇಂಥಾ ರೋಗಾಣುವಿನ ಮಗ ಎಂದು ಹೆಳವ ಗೆರೆ ಎಳೆದು ತೋರಿಸುತ್ತದೆ.

ನಾಲ್ಕು ವರ್ಷದ ಹಿಂದೆ ಫಲಕದ ಕಾಯ್ದೆ ಬಂತು. ಸುಲಭಕ್ಕೆ ಯಾವ ಔಷಧಕ್ಕೂ ಬಗ್ಗದ ರೋಗಾಣು ಆಸ್ಪತ್ರೆಯೊಳಗೇ ರೋಗಿಯ ರಕ್ತಕ್ಕೆ ಸೇರಿದೆ ಎಂದು ಹೆಳವ ಕಂಡುಕೊಂಡರೆ ಗೇಟಿನ ಮೇಲಿನ ದೊಡ್ಡ ಫಲಕದಲ್ಲಿ ಅಂಕಿ ಒಂದು ಏರುತ್ತದೆ. ಯಾರ ಸಹಿಯೂ ಬೇಕಿಲ್ಲ. ಅಂಕಿ ಏರಿದರೆ ಮೂರು ದಿನದೊಳಗೆ ನಳ, ಬೇಸಿನ್, ಮಂಚ ಎಲ್ಲವನ್ನೂ ಪರೀಕ್ಷೆ ಮಾಡಿ ಮೂಲ ಹುಡುಕಲೇಬೇಕು. ತಿಂಗಳು ಮುಗಿದರೆ ಅಂಕಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಇದೆ: ಸೊನ್ನೆ ಕಾಯ್ದುಕೊಂಡ ದಿನಗಳು ಇಷ್ಟು.

ಜನ ಈ ಅಂಕಿಗೆ ಬಹಳ ಬೇಗ ಒಗ್ಗಿದರು. ಎಪಿಎಂಸಿಯಲ್ಲಿ ಹತ್ತಿಯ ದರ ನೋಡುವಂತೆ ಗೇಟಿನ ಮುಂದೆ ನಿಂತು ನೋಡುತ್ತಿದ್ದರು. “ಅಲ್ಲಿ ಐದ್ ಐತ್ರಿ, ಇಲ್ಲಿ ಒಂದು. ಎಲ್ಲಿಗೆ ಬಿಡ್ಲಿ?” ಎಂದು ಆಟೊದವರೇ ಕೇಳುತ್ತಿದ್ದರು. ಮೊದಲ ಎರಡು ವರ್ಷ ನಿಜಕ್ಕೂ ಒಳ್ಳೆಯದಾಯಿತು. ದೊಡ್ಡ ದೊಡ್ಡ ಡಾಕ್ಟರುಗಳು ಕೈ ತೊಳೆಯುವುದನ್ನು ಕಲಿತರು. ರೋಗವೂ ಇಳಿಯಿತು, ಅಂಕಿಯೂ ಇಳಿಯಿತು.

ಆದರೆ ಅಂಕಿ ಏರದಂತೆ ನೋಡಿಕೊಳ್ಳಲು ಎರಡು ದಾರಿಗಳಿವೆ. ಒಂದು, ರೋಗ ಬರದಂತೆ ನೋಡಿಕೊಳ್ಳುವುದು. ಇನ್ನೊಂದು, ರಕ್ತವನ್ನೇ ತೆಗೆಯದಿರುವುದು. ಬಾಟಲಿಗೆ ರಕ್ತ ತೆಗೆಯುವ ಮುಂಚೆ ದೊಡ್ಡವರನ್ನು ಒಂದು ಮಾತು ಕೇಳಿ ಎಂಬ ಪದ್ಧತಿ ನಮ್ಮಲ್ಲಿ ಯಾವಾಗ ಶುರುವಾಯಿತೋ ನನಗೆ ನೆನಪಿಲ್ಲ. ಯಾರೂ ಆಜ್ಞೆ ಮಾಡಲಿಲ್ಲ. ನಮ್ಮ ಮುಖ್ಯಸ್ಥರಾದ ಡಾಕ್ಟರ್ ಇಟಗಿ ಕೆಟ್ಟ ಮನುಷ್ಯರಲ್ಲ. ಕೇಳಿದರೆ “ನಾಳೆ ನೋಡೂಣು” ಎನ್ನುತ್ತಿದ್ದರು, ಅಷ್ಟೇ. ದಿನಕ್ಕೆ ಮೂವತ್ತು ಬಾಟಲಿ ಬರುತ್ತಿದ್ದ ಪ್ರಯೋಗಾಲಯಕ್ಕೆ ನಾಲ್ಕು ಬರತೊಡಗಿದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು. ಸೊನ್ನೆಯ ಐವತ್ತನೇ ದಿನ ಎಲ್ಲರಿಗೂ ಧಾರವಾಡ ಪೇಢೆ ಹಂಚಿದರು. ನಾನೂ ಎರಡು ತಿಂದೆ.

ತೊಂಬತ್ತೊಂಬತ್ತನೇ ದಿನ ಒಂದು ಬಾಟಲಿ ಬಂತು. ಐಸಿಯುದಲ್ಲಿದ್ದ ಅಣ್ಣಿಗೇರಿಯ ಮೌಲಾಸಾಬ ಎಂಬ ಅಜ್ಜನ ರಕ್ತ. ಹೆಳವ ಓದಿತು: ಬಗ್ಗದ ರೋಗಾಣು, ಇದೇ ಆಸ್ಪತ್ರೆಯದು. ಫಲಿತಾಂಶ ಫಲಕಕ್ಕೆ ಹೋಗುವ ಮುಂಚೆ ಒಂದು ತಾಸು ನನ್ನ ಕೈಯಲ್ಲಿರುತ್ತದೆ. ಸೂಜಿ ಚುಚ್ಚುವಾಗ ಚರ್ಮದ ಮೇಲಿನ ಕೊಳೆ ಬಾಟಲಿಗೆ ಬಿದ್ದಿದ್ದರೆ ಅದನ್ನು ತಳ್ಳಿಹಾಕಲೆಂದು ಒಂದು ಗುಂಡಿ ಕೊಟ್ಟಿದ್ದಾರೆ. ಅದನ್ನು ಒತ್ತಿದರೆ ಆ ದಾಖಲೆಯೇ ಅಳಿದುಹೋಗುತ್ತದೆ.

ಸಲೋಮಿ ಬಂದಳು. ಸೋಂಕು ತಡೆಯುವ ಕೆಲಸದ ಹಿರಿಯ ನರ್ಸ್ ಅವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತು ವರ್ಷದಿಂದ ಅವಳ ಕ್ರಿಸ್‌ಮಸ್ ಚಕ್ಕಲಿ ನಮ್ಮ ಡಬ್ಬಿಯಲ್ಲಿ ಬರುತ್ತದೆ, ನನ್ನ ಹೋಳಿಗೆ ಅವಳ ಡಬ್ಬಿಯಲ್ಲಿ ಹೋಗುತ್ತದೆ.

“ಕಸ್ತೂರಿ, ನಾಳೆ ನೂರು ದಿನ ಆಗತೈತಿ. ನಮ್ಮ ಹುಡುಗ್ಯಾರು ಹಗಲು ರಾತ್ರಿ ದುಡದಾರ. ಅಜ್ಜಗ ಔಷಧ ಹತ್ತೇತಿ, ಜ್ವರಾನೂ ಇಳದೈತಿ. ಯಾರಿಗೂ ಏನೂ ಆಗಿಲ್ಲ. ಚರ್ಮದ ಕೊಳಿ ಅಂತ ಒತ್ತಿಬಿಡು” ಅಂದಳು.

ಒತ್ತಿದೆ. ಅಜ್ಜ ವಾರದೊಳಗೆ ಚೇತರಿಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಮನೆಗೆ ಹೋದ. ನಾನು ಆ ಮಾತನ್ನು ಮರೆತೆ.

ಮೂರು ತಿಂಗಳ ಮೇಲೆ ಎಳೆಗೂಸುಗಳ ವಾರ್ಡಿನಲ್ಲಿ ಫಕೀರವ್ವನನ್ನು ನೋಡಿದೆ. ಬ್ಯಾಡಗಿಯವಳು, ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸ. ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಬಸುರಿಯಾಗಿ, ಕೆಲಸದ ಜಾಗದಲ್ಲೇ ನೋವು ಬಂದು, ಏಳೂವರೆ ತಿಂಗಳಿಗೆ ಹೆಣ್ಣು ಹೆತ್ತಿದ್ದಳು. ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ತಾಯಂದಿರು ಕೈ ತೊಳೆದು ಒಳಗೆ ಕೈ ಹಾಕಿ ಮುಟ್ಟಬಹುದು. ಎಲ್ಲರೂ ಒಂದು ಸಲ ತೊಳೆದರೆ ಇವಳು ಬಾಗಿಲ ಪಕ್ಕದ ಬೇಸಿನ್ನಿನಲ್ಲಿ ಮೊಣಕೈವರೆಗೆ ಮೂರು ಸಲ ತೊಳೆಯುತ್ತಿದ್ದಳು.

“ಹದಿನೈದ ವರ್ಷದ ಖಾರ ರೀ ಅಕ್ಕಾರ, ಎಷ್ಟ ತೊಳದ್ರೂ ಉರಿ ಬಿಡಾಂಗಿಲ್ಲ. ಕೂಸಿನ ಕಣ್ಣಿಗೆ ಹತ್ತೀತಂತ ಅಂಜಿಕಿ” ಎಂದು ನಕ್ಕಳು.

ಎಂಟನೇ ದಿನ ಥೈರಾಯ್ಡ್ ಪರೀಕ್ಷೆಗೆಂದು ಆ ಕೂಸಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಕಾರ್ಡಿನ ಮೇಲೆ ನಾಲ್ಕು ಹನಿ ರಕ್ತ ಇಳಿಸಿಕೊಳ್ಳಲು ಹೋದೆ. “ಸಣ್ಣಗ ಚುಚ್ರಿ” ಅಂದಳು. ನಾನು ಸಣ್ಣಗೇ ಚುಚ್ಚಿದೆ. ಕೂಸು ಅಳಲಿಲ್ಲ. ಮೈ ತಣ್ಣಗಿತ್ತು, ಬಣ್ಣ ಬೂದಿಯಾಗಿತ್ತು. ಹೊರಗೆ ಬಂದು ಸಲೋಮಿಯನ್ನು ಕೇಳಿದೆ, ಇದರ ಬಾಟಲಿ ಯಾಕೆ ಬಂದಿಲ್ಲ ಎಂದು.

“ನಿನ್ನೇನ ಕೇಳಿದ್ನಿ. ನಾಳೆ ನೋಡೂಣು ಅಂದಾರ. ಔಷಧ ಸುರು ಮಾಡ್ಯಾರ” ಅಂದಳು.

ಔಷಧವನ್ನು ಅಂದಾಜಿನ ಮೇಲೆ ಕೊಟ್ಟಿದ್ದರು. ಅಂದಾಜು ತಪ್ಪಿತ್ತು. ಒಂಬತ್ತನೇ ದಿನ ಮಧ್ಯಾಹ್ನ ಕೂಸು ತೀರಿಕೊಂಡಿತು. ಹೆಸರು ಇಟ್ಟಿರಲಿಲ್ಲ. ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿ ಫಕೀರವ್ವನ ಹೆಣ್ಣುಕೂಸು ಎಂದಷ್ಟೇ ಬರೆದಿತ್ತು.

ಸಂಜೆ ನಾನು ಮನೆಗೆ ಹೊರಟಾಗ ಅವರು ಗೇಟಿನಲ್ಲಿದ್ದರು. ಗಂಡನ ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಫಕೀರವ್ವ ತಲೆಯೆತ್ತಿ ಫಲಕ ನೋಡುತ್ತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು.

“ಅಕ್ಕಾರ, ಇಲ್ಲಿ ಬಂದ ಮ್ಯಾಲ ರೋಗ ಹತ್ತಿದವ್ರದು ಲೆಕ್ಕ ಅದರಾಗ ಬರತೈತಿ ಅಂತಾರಲ್ರಿ. ನನ್ನ ಕೂಸು ಅದರಾಗ ಐತೇನ್ರಿ?”

ಫಲಕದಲ್ಲಿ ಸೊನ್ನೆ ಇತ್ತು. ಕೆಳಗೆ, ಸೊನ್ನೆ ಕಾಯ್ದುಕೊಂಡ ದಿನಗಳು ನೂರಾ ತೊಂಬತ್ತು.

ಸಿಟ್ಟಿನಿಂದ ಕೇಳಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಊಟದ ಪಂಕ್ತಿಯಲ್ಲಿ ತನ್ನ ಕೂಸಿಗೂ ಒಂದು ಎಲೆ ಹಾಕಿದ್ದಾರೋ ಇಲ್ಲವೋ ಎಂಬಂತೆ ಕೇಳಿದಳು. ನಾಳೆ ನೋಡಿ ಹೇಳುತ್ತೇನೆ ಅಂದೆ. ಡಾಕ್ಟರ್ ಇಟಗಿಯವರ ಮಾತು ನನ್ನ ಬಾಯಿಂದಲೇ ಬಂದಿತ್ತು. ನನಗೆ ನಾಚಿಕೆಯಾಯಿತು.

ಬಾಟಲಿ ಇಲ್ಲ, ಕೂಸು ಮಣ್ಣಿಗೆ ಹೋಯಿತು. ಉಳಿದದ್ದು ಆ ಕಾರ್ಡು ಮಾತ್ರ. ಒಣಗಿದ ರಕ್ತದಲ್ಲಿ ರೋಗಾಣು ಸತ್ತಿದ್ದರೂ ಅದರ ಜೀನುಗಳು ಇರುತ್ತವೆ. ಹೆಳವ ಅದನ್ನೂ ಓದಬಲ್ಲದು, ಎರಡು ತಾಸಿನ ಬದಲು ಮೂರು ದಿನ ಹಿಡಿಯುತ್ತದೆ. ಮರುದಿನ ಬೆಳಿಗ್ಗೆ ಒಂದು ಹನಿಯ ಕಲೆಯನ್ನು ಕತ್ತರಿಸಿ ಯಂತ್ರಕ್ಕೆ ಹಾಕಿದೆ. ಯಾರನ್ನೂ ಕೇಳಲಿಲ್ಲ.

ಮನೆಯಲ್ಲಿ ರೊಟ್ಟಿ ಬಡಿಯುತ್ತ ನಮ್ಮವರಿಗೆ ಹೇಳಿದೆ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು, ಗದ್ದಲ ಅವರಿಗೆ ಆಗುವುದಿಲ್ಲ.

“ಸತ್ತ ಕೂಸು ತಿರುಗಿ ಬರತೈತೇನು? ಯಾಕ ಬೇಕ ನಿನಗ?”

“ಬರಾಂಗಿಲ್ಲ. ಆದ್ರ ಅದೇ ಖೋಲ್ಯಾಗ ಇನ್ನೂ ಒಂಬತ್ತ ಕೂಸು ಅದಾವು” ಅಂದೆ. ಅವರು ತಾಟು ಸರಿಸಿದರು. ಎರಡನೇ ರೊಟ್ಟಿಯನ್ನೂ ಮುಟ್ಟಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ ಹೆಳವ ಓದಿ ಮುಗಿಸಿತು. ಗೆರೆಯ ಮೇಲ್ತುದಿಯಲ್ಲಿ ಎರಡು ವರ್ಷದ ಹಿಂದೆ ಐಸಿಯು ಬೇಸಿನ್ನಿನ ಕೊಳವೆಯಲ್ಲಿ ಸಿಕ್ಕಿದ್ದ ಒಂದು ರೋಗಾಣು. ಆಗ ಅದು ಔಷಧಕ್ಕೆ ಬಗ್ಗುತ್ತಿತ್ತು, ಹಾಗಾಗಿ ಕೊಳವೆ ತೊಳೆದು ಬಿಟ್ಟಿದ್ದರು. ಕೆಳತುದಿಯಲ್ಲಿ ಫಕೀರವ್ವನ ಹೆಣ್ಣುಕೂಸು. ನಡುವೆ ಗೆರೆ ತುಂಡಾಗಿತ್ತು. ಅಲ್ಲಿ ಹೆಳವ ಬರೆದಿತ್ತು: ಒಂದು ತಲೆಮಾರು ಕಾಣೆ. ಸುಮಾರು ಮೂರು ತಿಂಗಳ ಹಿಂದೆ. ಇದೇ ಆಸ್ಪತ್ರೆ.

ಕಾಣೆಯಾದವನು ಯಾರೆಂದು ಇಡೀ ಆಸ್ಪತ್ರೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮೌಲಾಸಾಬನ ಹೆಸರು ಅಲ್ಲಿ ಇದ್ದಿದ್ದರೆ ಅಂಕಿ ಏರುತ್ತಿತ್ತು, ಮೂರೇ ದಿನದಲ್ಲಿ ಆ ಕೊಳವೆಯನ್ನು ಕಿತ್ತು ಹಾಕುತ್ತಿದ್ದರು.

ಅಪ್ಪ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಒಂದು ಹೆಸರು ಬಿಟ್ಟು ಓದಿದ್ದ. ರೋಣದ ಕಡೆಯ ಒಂದು ಮನೆಯ ಹಿರಿಮಗ ಬೇರೆ ಜಾತಿಯವಳನ್ನು ಮಾಡಿಕೊಂಡು ಹೋಗಿಬಿಟ್ಟಿದ್ದ. ಅವನ ಹೆಸರು ನಾಲ್ಕು ಜನರ ಮುಂದೆ ಬರುವುದು ಬೇಡ ಎಂದು ಅವನ ತಾಯಿ ಅಪ್ಪನ ಕಾಲು ಹಿಡಿದಳು. ಅಪ್ಪನಿಗೆ ಕನಿಕರ ಬಂತು, ಬಿಟ್ಟು ಓದಿದ. ಇಪ್ಪತ್ತೆರಡು ವರ್ಷದ ಮೇಲೆ ಅದೇ ಮನೆಯ ಕಿರಿಮಗನ ಮಗನಿಗೆ ಹೆಣ್ಣು ಗೊತ್ತಾಯಿತು. ಅರಿಶಿನ ಹಚ್ಚಿದ ಮೇಲೆ ತಿಳಿಯಿತು, ಹುಡುಗಿ ಆ ಬಿಟ್ಟುಹೋದ ಹಿರಿಮಗನ ಮಗಳು, ವರನಿಗೆ ತಂಗಿಯಾಗಬೇಕಾದವಳು. ಮದುವೆ ನಿಂತಿತು. ಆ ಹುಡುಗಿಯನ್ನು ಮತ್ತೆ ಯಾರೂ ಮಾಡಿಕೊಳ್ಳಲಿಲ್ಲ. “ಕನಿಕರಕ್ಕ ಬಿಟ್ಟೆ ಮಗಳ. ಪಾಪ ಅವ್ವಗ ಅಲ್ಲ, ಆ ಹುಡುಗಿಗೆ ಹತ್ತಿತು” ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ಕೇಳಿಯೂ ಗುಂಡಿ ಒತ್ತಿದ್ದೆ.

ಯಂತ್ರದ ಸುದ್ದಿ ಸಲೋಮಿಯ ಫೋನಿಗೂ ಹೋಗುತ್ತದೆ. ಓಡುತ್ತ ಬಂದಳು. ಪರದೆ ನೋಡಿದಳು. ಇನ್ನೂ ಐವತ್ತು ನಿಮಿಷ ನನ್ನ ಕೈಯಲ್ಲಿತ್ತು.

“ಫಲಕಕ್ಕ ಹೋಗಾಕ ಬಿಡ್ತಿಯೇನು?” ಅಂದಳು.

“ಹೂಂ.”

“ನಡುವಿನವ ಯಾರು ಅಂತ ಕೇಳ್ತಾರ.”

“ಹೇಳ್ತೀನಿ.”

“ಒತ್ತಿದಾಕಿ ನೀ, ಒತ್ತು ಅಂದಾಕಿ ನಾ. ಇಬ್ರೂ ಹೋಗ್ತೀವಿ ಕಸ್ತೂರಿ.”

“ಹೋಗೂಣು” ಅಂದೆ.

ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು. ಜಗಳ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಳತೊಡಗಿದಳು, ನಾನೂ ಅತ್ತೆ. ಹನ್ನೊಂದಕ್ಕೆ ಗೇಟಿನ ಮೇಲೆ ಸೊನ್ನೆ ಹೋಗಿ ಒಂದು ಬಂತು. ನೂರಾ ತೊಂಬತ್ತನಾಲ್ಕು ದಿನಗಳ ಸಾಲು ಅಳಿಯಿತು. ಹೊರಗೆ ಒಂದು ಆಟೊ ಬಂದು ನಿಂತು, ಫಲಕ ನೋಡಿ, ಹಾಗೇ ತಿರುಗಿಕೊಂಡು ಹೋಯಿತು.

ಮೂರು ದಿನದಲ್ಲಿ ಮೂಲ ಸಿಕ್ಕಿತು. ಐಸಿಯುದ ಬೇಸಿನ್ನೂ ಎಳೆಗೂಸುಗಳ ವಾರ್ಡಿನ ಬೇಸಿನ್ನೂ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದವು. ಎರಡರ ನೀರೂ ಒಂದೇ ಕೊಳವೆಗೆ ಇಳಿಯುತ್ತಿತ್ತು. ಎರಡು ವರ್ಷದಲ್ಲಿ ರೋಗಾಣು ಆ ಕೊಳವೆಯ ಲೋಳೆಯಲ್ಲಿ ಬೆಳೆದು, ಔಷಧಗಳನ್ನು ಸೋಲಿಸುವುದನ್ನು ಕಲಿತು, ಗೋಡೆ ದಾಟಿತ್ತು. ನಳದ ನೀರು ನೇರವಾಗಿ ತೂತಿನ ಮೇಲೆ ಬಿದ್ದು ಸಿಡಿಯುತ್ತಿತ್ತು. ಅಲ್ಲಿ ಹೆಚ್ಚು ಹೊತ್ತು ಕೈ ತೊಳೆದವರ ಮೊಣಕೈವರೆಗೂ ಆ ಹನಿಗಳು ಸಿಡಿಯುತ್ತಿದ್ದವು.

ಮೂಲದ ವರದಿ ಓದಿದಾಗ ನನಗೆ ಮೊದಲು ನೆನಪಾದದ್ದು ಫಕೀರವ್ವನ ಕೈ. ಮೂರು ಸಲ, ಮೊಣಕೈವರೆಗೆ. ವರದಿಯನ್ನು ಮಡಚಿಟ್ಟು ಹೊರಗೆ ಹೋಗಿ ಬೇವಿನ ಮರದ ಕೆಳಗೆ ನಿಂತೆ.

ಬೇಸಿನ್ನುಗಳನ್ನು ಕಿತ್ತರು. ಉಳಿದ ಒಂಬತ್ತು ಕೂಸುಗಳ ರಕ್ತ ತೆಗೆದರು. ಎರಡರಲ್ಲಿ ಅದೇ ರೋಗಾಣು ಇತ್ತು. ಹೆಳವ ಹೇಳಿದ ಒಂದು ಹಳೆಯ ಔಷಧ ಕೊಟ್ಟರು, ಎರಡೂ ಬದುಕಿದವು. ಆ ಔಷಧ ನಮ್ಮ ಕಪಾಟಿನಲ್ಲೇ ಇತ್ತು, ಮೊದಲಿನಿಂದಲೂ ಇತ್ತು. ಡಾಕ್ಟರ್ ಇಟಗಿ ನನ್ನನ್ನು ಕರೆದು “ಮೊದಲ ನನಗ ಹೇಳಬೇಕಿತ್ತು ಕಸ್ತೂರಿಯವರ” ಅಂದರು. ನಾನು ನಡೆದದ್ದನ್ನೆಲ್ಲ ಬರೆದುಕೊಟ್ಟೆ. ಅವರು ಓದಿ ಕನ್ನಡಕ ತೆಗೆದಿಟ್ಟು, ಕಣ್ಣು ಒತ್ತಿಕೊಂಡರು. ವಿಚಾರಣೆ ಇನ್ನೂ ನಡೆದಿದೆ. ಯಂತ್ರ ನಡೆಸಲು ಬೇರೆಯವರು ಸಿಗುವವರೆಗೆ ನನ್ನನ್ನು ಇಟ್ಟುಕೊಂಡಿದ್ದಾರೆ. ಸಲೋಮಿ ರಾಜೀನಾಮೆ ಕೊಟ್ಟು ಬೆಟಗೇರಿಯ ತಮ್ಮನ ಮನೆಗೆ ಹೋದಳು. ಹೋಗುವಾಗ ನಮ್ಮ ಡಬ್ಬಿ ತೊಳೆದು ಬಾಗಿಲಲ್ಲಿ ಇಟ್ಟು ಹೋಗಿದ್ದಳು, ಖಾಲಿ.

ಆ ಎರಡೂ ಸೇರಿ ಫಲಕದಲ್ಲಿ ಮೂರಾಯಿತು. ಫಕೀರವ್ವನ ಕೂಸಿನ ಅಂಕಿ ಅಲ್ಲಿ ಹದಿಮೂರು ದಿನ ಇತ್ತು. ಹದಿನಾಲ್ಕನೇ ದಿನ ಹೊಸ ತಿಂಗಳು, ಮತ್ತೆ ಸೊನ್ನೆ. ಆಟೊಗಳು ಮತ್ತೆ ಬರತೊಡಗಿದವು.

ಆ ವಾರವೇ ಫಕೀರವ್ವ ಬಂದಳು. ಕೂಸಿನ ತಲೆಗೆ ಹಾಕುವ ಕುಂಚಿಗೆ ವಾರ್ಡಿನಲ್ಲಿ ಉಳಿದಿತ್ತು. ಅವಳ ಅವ್ವ ಹೊಲಿದದ್ದು, ಕೆಂಪು ಅಂಚಿನದು. ಅದನ್ನು ನಾನು ತೊಳೆಸಿ ನನ್ನ ಮೇಜಿನ ಖಾನೆಯಲ್ಲಿ ಇಟ್ಟಿದ್ದೆ. ಅವಳು ಪ್ರಯೋಗಾಲಯದ ಬಾಗಿಲಲ್ಲೇ ನಿಂತಳು.

“ಅಕ್ಕಾರ, ಅವತ್ತೂ ಸೊನ್ನಿ ಇತ್ತು, ಇವತ್ತೂ ಸೊನ್ನಿ ಐತಿ. ನನ್ನ ಕೂಸು ಬರಲೇ ಇಲ್ಲೇನ್ರಿ?”

“ಬಂದಿತ್ತವ್ವ. ಹದಿಮೂರ ದಿನ ಇತ್ತು. ತಿಂಗಳ ಮುಗದ ಕೂಡ್ಲೆ ಅಳಿಸ್ತಾರ.”

ಅವಳು ಬೆರಳು ಮಡಚಿ ಎಣಿಸಿದಳು. “ಬದುಕಿದ್ದು ಒಂಬತ್ತ ದಿನ. ಅಲ್ಲಿ ನಾಕ ದಿನ ಹೆಚ್ಚಿಗಿ ಇತ್ತು” ಅಂದಳು.

ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿ ಪರದೆ ತೋರಿಸಿದೆ. ಫಲಕದಿಂದ ಅಳಿದದ್ದು ಹೆಳವನ ಗೆರೆಯಲ್ಲಿ ಅಳಿಯುವುದಿಲ್ಲ. ತುಂಡಾಗಿದ್ದ ಜಾಗದಲ್ಲಿ ಮೌಲಾಸಾಬನ ಹೆಸರನ್ನು ನಾನೇ ತುಂಬಿಸಿದ್ದೆ. ಅವಳಿಗೆ ಓದಲು ಬರುವುದಿಲ್ಲ, ಓದಿ ಹೇಳಿರಿ ಅಂದಳು. ನನಗೆ ಬರುವುದು ಅಪ್ಪನ ಓದು ಒಂದೇ. ಮೆಲ್ಲಗೆ ಅದೇ ರಾಗದಲ್ಲಿ ಓದಿದೆ. ಕೊಳವೆಯಲ್ಲಿ ಹುಟ್ಟಿದ್ದು, ಅಣ್ಣಿಗೇರಿಯ ಮೌಲಾಸಾಬನ ಮೈ ಸೇರಿದ್ದು, ಅಲ್ಲಿ ಹೆಳವರ ಬಸಣ್ಣೆಪ್ಪನ ಮಗಳು ಕಸ್ತೂರಿ ಅದನ್ನು ಅಳಿಸಿದ್ದು, ಅಳಿಸಿದ್ದಕ್ಕೆ ಗೋಡೆ ದಾಟಿದ್ದು, ಬ್ಯಾಡಗಿಯ ಫಕೀರವ್ವನ ಹೆಣ್ಣುಕೂಸಿನ ಮೈ ಸೇರಿದ್ದು. ಇಲ್ಲಿಗೆ ಈ ವಂಶ ನಿಂತಿತು. ಅಪ್ಪ ಆ ಕೊನೆಯ ಮಾತನ್ನು ಯಾವಾಗಲೂ ದನಿ ತಗ್ಗಿಸಿ ಓದುತ್ತಿದ್ದ, ಮನೆಯವರು ಅಳುತ್ತಿದ್ದರು.

ಫಕೀರವ್ವ ಅಳಲಿಲ್ಲ. ನನ್ನ ಹೆಸರು ಬಂದಾಗ ನನ್ನ ಮುಖ ನೋಡಿದಳು. ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಗೆರೆಯ ತುದಿಯ ಮೇಲೆ ಬೆರಳಿಟ್ಟಳು.

“ಗ್ವಾಡಿ ದಾಟಿ ಬೇಸಿನ್ನಿಗೆ ಬಂತು ಅಂದ್ರಿ. ಬೇಸಿನ್ನಿನಿಂದ ಪೆಟ್ಟಿಗ್ಯಾಗಿನ ಕೂಸಿಗೆ ಹೆಂಗ ಬಂತ್ರಿ ಅಕ್ಕಾರ? ಯಾರ ತಂದ್ರು?”

ಆ ಕೈ ನನ್ನ ಕಣ್ಣ ಮುಂದೆಯೇ ಇತ್ತು. ಬೆರಳ ತುದಿಗಳು ಮೆಣಸಿನಕಾಯಿಯಿಂದ ಕೆಂಪಾಗಿ ಸುಲಿದಿದ್ದವು. ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ತಿಳಿಯಿತು.

“ನಾನು ತಂದೆನವ್ವ” ಅಂದೆ. “ಅವತ್ತ ನಾ ಅಳಸದಿದ್ರ ಬರತಿದ್ದಿಲ್ಲ. ಬ್ಯಾರೆ ಯಾರೂ ಅಲ್ಲ.”

ಅಪ್ಪ ಬಿಟ್ಟು ಓದಿದ್ದು ಒಂದು ಸಲ. ನಾನು ಎರಡು ಸಲ, ಮೊದಲು ಅಜ್ಜನ ಹೆಸರು, ಈಗ ಈ ಕೈ. ಮೊದಲನೆಯದಕ್ಕೆ ಯಾವ ಶಿಕ್ಷೆ ಕೊಟ್ಟರೂ ನನಗೆ ಒಪ್ಪಿಗೆ. ಎರಡನೆಯದರ ಪಾಪ ಯಾರಿಗೆ ಹತ್ತುತ್ತದೋ ನನಗೆ ಗೊತ್ತಿಲ್ಲ.

ಖಾನೆ ತೆಗೆದು ಕುಂಚಿಗೆಯನ್ನು ಅವಳ ಕಡೆ ಚಾಚಿದೆ. ಅವಳು ಎರಡೂ ಕೈ ಮುಂದೆ ತಂದು, ಏನೋ ನೆನಪಾದವಳಂತೆ ಹಿಂದಕ್ಕೆ ಎಳೆದುಕೊಂಡಳು.

“ತಡೀರಿ ಅಕ್ಕಾರ” ಅಂದಳು. “ಕೈ ತೊಳ್ಕೊಂಡ ಬರ್ತೀನಿ.”